ಹರಿಯದ ಒಂದು ಫ್ರೇಮನ್ನೂ ಅತ್ತಿಗೆ ಕತ್ತರಿಸಿದವರಲ್ಲ

ತೆರೆ ಅಧ್ಯಯನ ಸಂಘದ ಕಾರ್ಯಕಾರಿ ಸಮಿತಿಯ ಮಾನ್ಯ ಪದಾಧಿಕಾರಿಗಳೇ,

ನೀವು ಒಂಬತ್ತು ಜನ ಇದ್ದೀರಿ. ಒಬ್ಬೊಬ್ಬರಿಗೂ ಬೇರೆ ಬೇರೆ ಪತ್ರ ಬರೆದು, ಒಬ್ಬೊಬ್ಬರಿಂದಲೂ ಬೇರೆ ಬೇರೆ ಮೌನ ಪಡೆದದ್ದಾಯಿತು. ಅದಕ್ಕೇ ಈಗ ಒಂಬತ್ತೂ ಜನರಿಗೆ ಸೇರಿಸಿ, ಊರೆಲ್ಲ ಓದುವಂತೆ ಬರೆಯುತ್ತಿದ್ದೇನೆ. ವಿಷಯ ದೊಡ್ಡದೇನಲ್ಲ. ನೀವು ವರ್ಷದ ಅತ್ಯುತ್ತಮ ಸಂಶೋಧನೆ ಎಂದು ಬಹುಮಾನ ಕೊಟ್ಟು, ಪಠ್ಯದಲ್ಲೂ ಸೇರಿಸಿರುವ ಒಂದು ಲೇಖನದಲ್ಲಿ ನನ್ನ ಅತ್ತಿಗೆಯ ಬಗ್ಗೆ ಒಂದು ಸುಳ್ಳಿದೆ. ಆ ಲೇಖನ ಬರೆದವರು ಈಗ ನಿಮ್ಮ ಅಧ್ಯಕ್ಷರು. ಸುಳ್ಳನ್ನು ತೆಗೆಯಿರಿ ಎಂದು ಕೇಳುವುದಕ್ಕೆ ಎರಡು ವರ್ಷದಿಂದ ನಿಮ್ಮ ಬಾಗಿಲು ತಟ್ಟುತ್ತಿದ್ದೇನೆ.

ನಾನು ಯಾರೆಂದು ಹೇಳಬೇಕು. ಚಿತ್ರ ಹಂಚಿಕೆದಾರರ ಆಫೀಸೊಂದರ ಹಿಂದಿನ ಕೋಣೆಯಲ್ಲಿ ಅತ್ತಿಗೆ ಮತ್ತು ನಾನು ಇಪ್ಪತ್ತಾರು ವರ್ಷ ಅಕ್ಕಪಕ್ಕ ಕೂತು ಪ್ರಿಂಟು ಚೆಕ್ ಮಾಡಿದವರು. ಥಿಯೇಟರುಗಳಿಂದ ವಾಪಸು ಬಂದ ರೀಲುಗಳನ್ನು ಒಂದು ಚಕ್ರದಿಂದ ಇನ್ನೊಂದಕ್ಕೆ ಕೈಯಿಂದ ಸುತ್ತುತ್ತಾ, ಫಿಲ್ಮಿನ ಅಂಚನ್ನು ಎಡಗೈಯ ಎರಡು ಬೆರಳ ನಡುವೆ ಹಾಯಿಸುತ್ತಾ ಹೋಗುವುದು. ಪ್ರೊಜೆಕ್ಟರಿನ ಹಲ್ಲು ಹಿಡಿದೆಳೆಯುವ ಅಂಚಿನ ತೂತು ಹರಿದಿದ್ದರೆ ಬೆರಳಿಗೆ ತಾಗುತ್ತದೆ. ಒಂದೆರಡು ತೂತಾದರೆ ಕತ್ತರಿಯಿಂದ ಅಂಚು ನಯ ಮಾಡಿ ಬಿಡುತ್ತೇವೆ. ಉದ್ದಕ್ಕೆ ಹರಿದಿದ್ದರೆ ಅಷ್ಟು ಫ್ರೇಮು ತೆಗೆದು ಅಂಟು ಹಚ್ಚಿ ಸೇರಿಸಿ, ಎಷ್ಟು ತೆಗೆದೆವು, ಯಾಕೆ ತೆಗೆದೆವು ಎಂದು ಚೀಟಿ ಬರೆದು ಡಬ್ಬದ ಮುಚ್ಚಳದೊಳಗೆ ಅಂಟಿಸುತ್ತೇವೆ. ಕೊನೆಯ ಹತ್ತು ವರ್ಷ ಆಫೀಸಿನ ಪತ್ರವ್ಯವಹಾರವೂ ನನ್ನದೇ ಆಗಿತ್ತು. ಬೈಗುಳವನ್ನು ‘ಮಾನ್ಯರೇ’ ಎಂದು ಶುರು ಮಾಡಲು ಕಲಿತದ್ದು ಅಲ್ಲಿಯೇ.

ಕೆಲಸಕ್ಕೆ ಸೇರಿದ ಮೊದಲ ತಿಂಗಳು, ಜಾಯಿಂಟು ಸರಿಯಾಗಿ ಕೂರಲಿ ಎಂದು ಚೆನ್ನಾಗಿದ್ದ ನಾಲ್ಕು ಫ್ರೇಮುಗಳನ್ನು ಹೆಚ್ಚಿಗೆ ಕತ್ತರಿಸಿ ಬುಟ್ಟಿಗೆ ಹಾಕಿದ್ದೆ. ಅತ್ತಿಗೆ ಬುಟ್ಟಿಯಿಂದ ಆ ತುಂಡನ್ನು ಎತ್ತಿ ಬಲ್ಬಿಗೆ ಹಿಡಿದು ನೋಡಿದರು.

“ಇದಕ್ಕೇನಾಗಿತ್ತೇ?”

“ಏನಿಲ್ಲ ಅತ್ತಿಗೆ, ಸ್ವಲ್ಪ ಅನುಕೂಲ ಆಗ್ಲೀಂತ...”

“ನಿನ್ನ ಅನುಕೂಲಕ್ಕೆ ಅವರು ಸಿನಿಮಾ ತೆಗೆದಿದ್ದಾರಾ? ಸೇರಿಸು ವಾಪಸ್ಸು.”

ಟೀ ಬಂದು ಆರಿ ಹೋಯಿತು. ಆ ನಾಲ್ಕು ಫ್ರೇಮನ್ನು ಎರಡೂ ಕಡೆ ಅಂಟಿಸಿ ಮುಗಿಸುವ ತನಕ ನನ್ನನ್ನು ಏಳಗೊಡಲಿಲ್ಲ. ಇಂಥವರ ಬಗ್ಗೆ ನಿಮ್ಮ ಅಧ್ಯಕ್ಷರು ಬರೆದದ್ದು ಏನೆಂದರೆ, ಅವರು ಬೇಕೆಂದೇ ಸಿನಿಮಾ ಕತ್ತರಿಸುತ್ತಿದ್ದರು ಎಂದು.

ಹಳೆಯ ಸಿನಿಮಾ ಒಂದರ ಉಳಿದಿರುವ ಏಕೈಕ ಪ್ರಿಂಟು, ಈಗ ನಿಮ್ಮ ಸಂಘದ ಬಳಿ ಇರುವುದು, ನಮ್ಮ ಮೇಜಿನಿಂದ ಹೋದದ್ದು. ಅದರ ಐದನೇ ರೀಲಿನಲ್ಲಿ ಗಂಡ ಹೆಂಡತಿಯ ಕಪಾಳಕ್ಕೆ ಹೊಡೆಯುವ ದೃಶ್ಯವಿದೆ. ಗಂಡ ಕೈ ಎತ್ತುತ್ತಾನೆ, ತಕ್ಷಣ ಹೆಂಡತಿಯ ಮುಖ ಆಗಲೇ ಆ ಕಡೆ ತಿರುಗಿದೆ. ನಡುವಿನ ಮೂವತ್ತೊಂದು ಫ್ರೇಮು ಇಲ್ಲ. ಏಟಿನ ಸದ್ದು ಮಾತ್ರ ಕೇಳಿಸುತ್ತದೆ. ನಿಮ್ಮ ಅಧ್ಯಕ್ಷರು ಇದನ್ನು ನೋಡಿ, ಮನೆಯಲ್ಲಿ ಏಟು ತಿನ್ನುತ್ತಿದ್ದ ಕೆಲಸಗಾರ್ತಿಯೊಬ್ಬಳು ತೆರೆಯ ಮೇಲಿನ ಏಟನ್ನು ಅಳಿಸಿ ಹಾಕಿ ನಡೆಸಿದ ಮೌನ ಪ್ರತಿರೋಧ ಇದು ಎಂದರು. ‘ಕಾಣದ ಆದರೆ ಕೇಳುವ ಹಿಂಸೆ’ ಎಂಬುದರ ಮೇಲೆ ಮೂರು ಪುಟ ಇದೆ. ನಾನು ನಿಘಂಟು ಪಕ್ಕಕ್ಕಿಟ್ಟುಕೊಂಡು ಓದಿದೆ. ಬಹಳ ಚೆನ್ನಾಗಿದೆ. ಸುಳ್ಳು ಎಂಬುದೊಂದನ್ನು ಬಿಟ್ಟರೆ ಬೇರೆ ಕೊರತೆಯಿಲ್ಲ.

ತೆರೆಯನ್ನೇ ಅಧ್ಯಯನ ಮಾಡುವ ಒಂಬತ್ತು ಜನ ವಿದ್ವಾಂಸರಿಗೆ ನಾನು ಪಾಠ ಹೇಳುವಂತಾಯಿತಲ್ಲ ಎಂಬ ಸಂಕೋಚ ಇದ್ದೇ ಇದೆ. ಆದರೂ ಹೇಳುತ್ತೇನೆ. ಪ್ರಿಂಟಿನಲ್ಲಿ ಒಂದು ಚಿತ್ರದ ಧ್ವನಿ ಆ ಚಿತ್ರದ ಪಕ್ಕದಲ್ಲೇ ಇರುವುದಿಲ್ಲ, ಇಪ್ಪತ್ತು ಫ್ರೇಮು ಮುಂಚೆಯೇ ಅಂಚಿನಲ್ಲಿ ಅಚ್ಚಾಗಿರುತ್ತದೆ. ನಮ್ಮ ಮೇಜಿನಲ್ಲಿ ಮೊದಲ ವಾರವೇ ಕಲಿಯುವ ವಿಷಯ ಇದು. ಹರಿದ ಜಾಗವನ್ನಷ್ಟೇ ತೆಗೆದಾಗ ಏಟಿನ ಚಿತ್ರ ಹೋಗಿದೆ, ಅದರ ಸದ್ದು ಹಿಂದಿನ ತುಂಡಿನಲ್ಲಿ ಹಾಗೇ ಉಳಿದಿದೆ. ಅತ್ತಿಗೆ ಆ ಏಟನ್ನೇ ಅಳಿಸಬೇಕೆಂದು ಕೂತಿದ್ದರೆ ಸದ್ದನ್ನು ಬಿಡುತ್ತಿದ್ದರೇ? ಎತ್ತಿದ ಕೈಯನ್ನು ಅರ್ಧದಲ್ಲಿ ಬಿಡುತ್ತಿದ್ದರೇ? ದೃಶ್ಯ ಬದಲಾಗುವ ಜಾಗ ಹುಡುಕಿ, ಅಲ್ಲಿಂದ ಅಲ್ಲಿಗೆ ತೆಗೆದು, ನಿಮ್ಮ ಇಡೀ ಸಮಿತಿ ಕನ್ನಡಕ ಹಾಕಿಕೊಂಡು ನೂರು ಸಲ ನೋಡಿದರೂ ಅಲ್ಲೊಂದು ಏಟಿತ್ತೆಂದು ಗೊತ್ತಾಗದ ಹಾಗೆ ಸೇರಿಸುತ್ತಿದ್ದರು. ಅವರ ಕೈಗೆ ಅಷ್ಟು ಶಕ್ತಿಯಿತ್ತು. ಅದನ್ನು ಬಳಸದೇ ಇದ್ದದ್ದು ಅವರ ಮರ್ಯಾದೆ.

ಹಾಗಾದರೆ ಚೀಟಿ ಎಲ್ಲಿ ಎಂದು ನೀವು ಕೇಳಬಹುದು. ನಾನೂ ಅದನ್ನೇ ಕೇಳಿದೆ. ‘ಎಡ ಅಂಚು ಹರಿದಿದೆ, ಮೂವತ್ತೊಂದು ಫ್ರೇಮು ತೆಗೆದಿದೆ’ ಎಂದು ಆ ಚೀಟಿಯನ್ನು ಬರೆದದ್ದು ನನ್ನ ಕೈಯೇ. ನಿಮ್ಮ ಸಂಘದ ಸಂರಕ್ಷಣಾ ಉಪಸಮಿತಿಯವರು ಪ್ರಿಂಟನ್ನು ಹೊಸ ಪ್ಲಾಸ್ಟಿಕ್ ಡಬ್ಬಗಳಿಗೆ ತುಂಬಿ, ತುಕ್ಕು ಹಿಡಿದಿದ್ದ ಹಳೆಯ ಡಬ್ಬಗಳನ್ನು ಮುಚ್ಚಳದ ಸಮೇತ ಗುಜರಿಗೆ ಹಾಕಿದರಂತೆ. ಮುಚ್ಚಳ ತಿರುಗಿಸಿ ನೋಡಬೇಕೆಂದು ಯಾರಿಗೂ ಹೊಳೆಯಲಿಲ್ಲ. ಅದು ತೆರೆಯಲ್ಲವಲ್ಲ! ಆಮೇಲೆ ‘ಈ ಕತ್ತರಿಕೆಗೆ ಯಾವ ಲಿಖಿತ ಕಾರಣವೂ ಲಭ್ಯವಿಲ್ಲ’ ಎಂದು ಲೇಖನದಲ್ಲಿ ಗಂಭೀರವಾಗಿ ಬರೆಯಲಾಗಿದೆ. ಸಂರಕ್ಷಣೆ ಎಂದರೆ ಇದೇ ಇರಬೇಕು.

ಇನ್ನು ಮನೆಯ ವಿಷಯ. ನನ್ನ ಅಣ್ಣ ಸತ್ತು ಹನ್ನೊಂದು ವರ್ಷವಾಯಿತು. ಅವನು ದೇವರಂಥವನೆಂದು ಹೇಳಲು ನಾನು ಈ ಪತ್ರ ಬರೆಯುತ್ತಿಲ್ಲ. ಅವನು ಅತ್ತಿಗೆಯ ಮೇಲೆ ಎರಡು ಸಲ ಕೈ ಮಾಡಿದ್ದ. ಎರಡನೇ ಸಲ ಅತ್ತಿಗೆ ಹಾಡಹಗಲೇ ಬಟ್ಟೆ ಕಟ್ಟಿಕೊಂಡು ನನ್ನ ಬಾಡಿಗೆ ಕೋಣೆಗೆ ಬಂದು ಐದು ವಾರ ಇದ್ದರು. ಅಣ್ಣ ಕೊನೆಗೆ ಆಫೀಸಿಗೇ ಬಂದು ನಮ್ಮ ಕೋಣೆಯ ಬಾಗಿಲಲ್ಲಿ ನಿಂತ. ಮ್ಯಾನೇಜರು, ಗುಮಾಸ್ತ, ಡಬ್ಬ ಹೊರುವವರು ಎಲ್ಲರೂ ಅಲ್ಲೇ ಇದ್ದರು. ಅತ್ತಿಗೆ ಚಕ್ರ ನಿಲ್ಲಿಸಿ ಎದ್ದು ನಿಂತರು.

“ಇನ್ನೊಂದ್ಸಲ ಕೈ ಎತ್ತಿದ್ರೆ ನಾನು ವಾಪಸ್ ಬರಲ್ಲ. ಇದನ್ನ ಇವರೆಲ್ಲರ ಮುಂದೇನೂ ಹೇಳ್ತೀನಿ, ನಿಮ್ಮ ಅಮ್ಮನ ಮುಂದೇನೂ ಹೇಳ್ತೀನಿ. ಕೇಳಿಸ್ತಾ?”

“ಕೇಳಿಸ್ತು,” ಅಂದ ಅಣ್ಣ.

“ಗಟ್ಟಿಯಾಗಿ ಹೇಳಿ.”

ಅವನು ಗಟ್ಟಿಯಾಗಿ ಹೇಳಿದ. ಮತ್ತೆಂದೂ ಕೈ ಎತ್ತಲಿಲ್ಲ. ನಿಮ್ಮ ಅಧ್ಯಕ್ಷರು ಆ ಲೇಖನಕ್ಕೆಂದು, ಅತ್ತಿಗೆ ಮತ್ತು ನಾನು ಈಗ ಒಟ್ಟಿಗಿರುವ ಮನೆಗೆ ಮೂರು ಮಧ್ಯಾಹ್ನ ಬಂದಿದ್ದಾಗ ಅತ್ತಿಗೆ ಇದನ್ನೂ ಹೇಳಿದ್ದರು. ನಾನು ಟೀ ಸೋಸುತ್ತಾ ಕೇಳಿಸಿಕೊಂಡಿದ್ದೇನೆ, ರೆಕಾರ್ಡರು ಮೇಜಿನ ಮೇಲೆ ಓಡುತ್ತಿತ್ತು. ಲೇಖನದಲ್ಲಿ ಅಣ್ಣ ಹೊಡೆದದ್ದು ಇದೆ. ಅತ್ತಿಗೆ ಎದ್ದು ನಿಂತದ್ದು ಇಲ್ಲ. ಹತ್ತು ಜನರ ಎದುರು ಬಾಯಿಬಿಟ್ಟು ಹೇಳಿದ ಹೆಂಗಸನ್ನು ಮೌನ ಪ್ರತಿರೋಧದ ಲೇಖನದಲ್ಲಿ ಎಲ್ಲಿ ಕೂರಿಸುವುದು? ಆದ್ದರಿಂದ ಆ ಭಾಗವನ್ನು ತೆಗೆದು, ಮನೆಯ ಏಟಿಗೆ ಸಿನಿಮಾದ ಏಟನ್ನು ತಂದು ಅಂಟಿಸಿದರು. ಹರಿಯದಿದ್ದ ಭಾಗವನ್ನು ಕತ್ತರಿಸಿದವರು ಯಾರು ಎಂದು ನಾನು ಬಿಡಿಸಿ ಹೇಳಬೇಕೇ?

ಇಷ್ಟನ್ನೂ ಬರೆದು ನಿಮ್ಮ ಪತ್ರಿಕೆಗೆ ಕಳಿಸಿದೆ. ಸದಸ್ಯರಲ್ಲದವರ ಪ್ರತಿಕ್ರಿಯೆಯನ್ನು ಸ್ವೀಕರಿಸುವುದಿಲ್ಲ ಎಂದು ಕಾರ್ಯದರ್ಶಿಗಳು ಬರೆದರು. ಇಬ್ಬರು ಸದಸ್ಯರನ್ನು ಕಾಡಿಬೇಡಿ ಸಹಿ ಹಾಕಿಸಿಕೊಂಡು ಸದಸ್ಯಳಾದೆ. ಆಗ ನನ್ನ ಬರಹದಿಂದ ಹೆಸರು ಅಳಿಸಿ ಅನಾಮಧೇಯ ಪರಿಶೀಲಕರೊಬ್ಬರಿಗೆ ಕಳಿಸಿದಿರಿ. ಏಳು ತಿಂಗಳಾದ ಮೇಲೆ ಅಭಿಪ್ರಾಯ ಬಂತು: ‘ಬರಹಗಾರರಿಗೆ ಆ ಕೋಣೆಯ ಕೆಲಸದ ಸ್ವರೂಪದ ಪರಿಚಯ ಸಾಲದು. ಈ ಕುರಿತ ಮೂಲಭೂತ ಅಧ್ಯಯನವನ್ನು ಮೊದಲು ಓದಬೇಕು.’ ಯಾವ ಅಧ್ಯಯನ ಎಂದು ಕೆಳಗೆ ಕೊಟ್ಟಿದ್ದರು. ಅದೇ ಲೇಖನ. ಆ ಕೋಣೆಯಲ್ಲಿ ಇಪ್ಪತ್ತಾರು ವರ್ಷ ಕೂತು ಬೆನ್ನು ಬಗ್ಗಿಸಿಕೊಂಡವಳು, ಆ ಕೋಣೆಯಲ್ಲಿ ಏನು ನಡೆಯುತ್ತಿತ್ತೆಂದು ಅಲ್ಲಿಗೆ ಎಂದೂ ಬಾರದವರನ್ನು ಓದಿ ತಿಳಿದುಕೊಳ್ಳಬೇಕು!

ಆಮೇಲೆ ನೀವು ಅತ್ತಿಗೆಗೆ ಸನ್ಮಾನ ಮಾಡಿದಿರಿ. ಬೇಡವೆಂದು ನಾನು ಹೇಳಿದೆ. ಅತ್ತಿಗೆಯೇ, “ಹೋಗೋಣ ಬಿಡೇ, ಎಲ್ಲರೂ ಇರ್ತಾರೆ, ಅಲ್ಲೇ ಸರಿಯಾಗಿ ಹೇಳಿಬಿಡ್ತೀನಿ,” ಎಂದರು. ಎಪ್ಪತ್ತೆಂಟು ವರ್ಷದವರು ಎರಡು ದಿನ ಮಾತು ಅಭ್ಯಾಸ ಮಾಡಿದರು. ನಿಮ್ಮ ಸಮಾವೇಶದ ಸಭಾಂಗಣದಲ್ಲಿ ಕತ್ತರಿಯ ಚಿತ್ರ ಕೊರೆದ ಗಾಜಿನ ಫಲಕವನ್ನು ಕೈಗಿಟ್ಟಿರಿ. ಅತ್ತಿಗೆ ಅದನ್ನು ನನಗೆ ಕೊಟ್ಟು ಮೈಕಿನ ಮುಂದೆ ನಿಂತರು.

“ಆ ಸೀನನ್ನ ನಾನು ಬೇಕೂಂತ ಕಟ್ ಮಾಡಿದ್ದಲ್ಲ. ತೂತು ಹರಿದಿತ್ತು. ಹರಿದಿದ್ದನ್ನ ತೆಗೀದೇ ಇದ್ರೆ ಮುಂದಿನ ಥಿಯೇಟರಲ್ಲಿ ಮಶೀನಿಗೆ ಸಿಕ್ಕೊಂಡು ಇನ್ನೂ ಹಾಳಾಗುತ್ತೆ. ಅದಕ್ಕೆ ತೆಗೆದೆ. ಅಷ್ಟೇ.”

ಇದಕ್ಕಿಂತ ಸರಳವಾಗಿ ಯಾವ ಭಾಷೆಯಲ್ಲಿ ಹೇಳಬಹುದು? ನಿಮ್ಮ ಅಧ್ಯಕ್ಷರು ಕಣ್ಣು ಒರೆಸಿಕೊಂಡು ಮೈಕು ತೆಗೆದುಕೊಂಡರು. “ಗಮನಿಸಿ, ಇವತ್ತಿಗೂ ಅವರು ತಮ್ಮ ಪ್ರತಿರೋಧವನ್ನು ಕೆಲಸದ ಮಾತಿನಲ್ಲೇ ಬಚ್ಚಿಡುತ್ತಾರೆ. ಈ ನಿರಾಕರಣೆಗಿಂತ ದೊಡ್ಡ ಸಾಕ್ಷ್ಯ ಬೇಕೇ?” ಎಂದರು. ಸಭಾಂಗಣ ಎದ್ದು ನಿಂತು ಚಪ್ಪಾಳೆ ತಟ್ಟಿತು. ಅತ್ತಿಗೆ ನನ್ನ ಕಡೆ ತಿರುಗಿ, “ಅರ್ಥ ಆಯ್ತು ಅನ್ಸುತ್ತೆ ಅಲ್ವಾ ಅವರಿಗೆ?” ಎಂದರು. ನಾನು ಹೂಂ ಅಂದೆ. ನನ್ನ ಜೀವನದಲ್ಲಿ ಅವರಿಗೆ ಹೇಳಿದ ಸುಳ್ಳು ಅದೊಂದೇ. ಅದಕ್ಕೂ ನೀವೇ ಕಾರಣ.

ಇಷ್ಟೇ ಆಗಿದ್ದರೆ ನಾನು ಹಲ್ಲು ಕಚ್ಚಿಕೊಂಡು ಸುಮ್ಮನಿರುತ್ತಿದ್ದೆನೇನೋ. ಆದರೆ ಆ ದಿನದಿಂದ ವಿದ್ಯಾರ್ಥಿಗಳು ಮನೆಗೆ ಬರತೊಡಗಿದರು. ಬಂದವರೆಲ್ಲ ಕೇಳುವುದು ಒಂದೇ, ಕತ್ತರಿಸುವಾಗ ನಿಮಗೇನನ್ನಿಸಿತು ಎಂದು. ಅತ್ತಿಗೆ ಮೊದಮೊದಲು ತೂತಿನ ವಿಷಯ ಹೇಳುತ್ತಿದ್ದರು. ಆ ಮಕ್ಕಳ ಮುಖ ಸಪ್ಪಗಾಗುತ್ತಿತ್ತು. ಕಳೆದ ತಿಂಗಳು ಒಂದು ಮಧ್ಯಾಹ್ನ ಒಗೆದ ಬಟ್ಟೆ ಮಡಚುತ್ತಾ ಕೂತಿದ್ದೆವು. ಅತ್ತಿಗೆ ಕೈ ನಿಲ್ಲಿಸಿದರು.

“ಏನೋ ಕಣೇ, ನಾನೇ ಬೇಕೂಂತ ಕತ್ತರಿಸಿದ್ನೇನೋ. ಆಗ ಮನಸ್ಸು ಸರಿ ಇರ್ಲಿಲ್ಲ. ಮರೆತುಹೋಗಿರ್ಬೇಕು.”

“ಅತ್ತಿಗೆ, ನಾನು ಪಕ್ಕದಲ್ಲೇ ಕೂತಿದ್ದೆ. ಚೀಟಿ ಬರೆದಿದ್ದೇ ನಾನು.”

“ನೀನು ನನ್ನ ಕಡೆಯೋಳು, ಹಾಗೇ ಹೇಳ್ತೀಯ. ಅಷ್ಟೊಂದು ಓದಿದೋರು ಸುಮ್ಸುಮ್ನೆ ಬರೀತಾರಾ?” ಅಂದವರು ಮಡಚುತ್ತಿದ್ದ ಬಟ್ಟೆಯನ್ನು ಪಕ್ಕಕ್ಕಿಟ್ಟು, “ಚೆನ್ನಾಗಿದ್ದ ಫಿಲ್ಮನ್ನ ಕತ್ತರಿಸಿಬಿಟ್ನಲ್ಲ,” ಎಂದು ಅಳಲು ಶುರು ಮಾಡಿದರು.

ಮಾನ್ಯರೇ, ನಾನು ಕೋಪದಲ್ಲಿ ಬರೆದದ್ದು ಇಲ್ಲಿಗೆ ಮುಗಿಯಿತು. ಇನ್ನು ಕೇಳಿಕೊಳ್ಳುತ್ತಿದ್ದೇನೆ. ನಿಮ್ಮ ಬಹುಮಾನ ನಿಮ್ಮ ಹತ್ತಿರವೇ ಇರಲಿ. ಲೇಖನವನ್ನು ತಿದ್ದುವುದಕ್ಕೆ ಉಪಸಮಿತಿ, ಅದರ ವರದಿಗೆ ಇನ್ನೊಂದು ಉಪಸಮಿತಿ, ಅದೆಲ್ಲ ನಿಮ್ಮ ನಿಧಾನದಲ್ಲೇ ಆಗಲಿ. ಅದಕ್ಕೂ ಮೊದಲು, ಸಂಘದ ಮುದ್ರೆಯಿರುವ ಕಾಗದದ ಮೇಲೆ, ಒಂಬತ್ತೂ ಜನ ಸಹಿ ಹಾಕಿ, ಅತ್ತಿಗೆಗೆ ಎರಡು ಸಾಲು ಬರೆಯಿರಿ: ಫಿಲ್ಮು ಹರಿದಿತ್ತು, ನೀವು ನಿಮ್ಮ ಕೆಲಸ ಮಾಡಿದಿರಿ. ನಾನು ದಿನಾ ಹೇಳುತ್ತೇನೆ, ಅವರು ನಂಬುವುದಿಲ್ಲ. ಅವರು ಈಗ ನಂಬುವುದು ನಿಮ್ಮನ್ನು ಮಾತ್ರ.

ಇಂತಿ,
ಬಹುಮಾನಿತ ಲೇಖನದ ಹದಿನಾಲ್ಕನೇ ಅಡಿಟಿಪ್ಪಣಿಯಲ್ಲಿ
‘ಹೆಸರು ದಾಖಲಾಗದ ಮತ್ತೊಬ್ಬ ಕೆಲಸಗಾರ್ತಿ’