ಅರ್ಧ ಮನೆ ಮೇಲೆ

೧೨ ಏಪ್ರಿಲ್ ೧೯೫೯, ಭಾನುವಾರ

ಸಂಗೀತ ಕಚೇರಿಯ ದಿನ ವಿಮಾನ ಹಾರಿಸುವುದಿಲ್ಲ ಎಂದು ಹೆಂಡತಿಗೆ ಮಾತು ಕೊಟ್ಟಿದ್ದೆ. ಆದರೂ ಮಧ್ಯಾಹ್ನ, ಪೂವಪ್ಪನ ಮೃದಂಗದ ಜೊತೆ ಅಭ್ಯಾಸ ಉಂಟೆಂದು ಸುಳ್ಳು ಹೇಳಿ ಬಜಪೆಯ ವಿಮಾನ ನಿಲ್ದಾಣಕ್ಕೆ ಹೋದೆ. ಅಂಥ ತಿಳಿ ಆಕಾಶ ಬಿಟ್ಟು ಕೂರುವುದಾದರೂ ಹೇಗೆ? ಕುದ್ರೋಳಿಯಲ್ಲಿ ನಮ್ಮ ಮನೆಯ ಮೇಲೆ ತಗ್ಗಿ ಹಾರಿ ಒಂದು ಫೋಟೋ ಹೊಡೆದೆ.

ಸಂಜೆ ಬಲ್ಮಠದ ವೇದಿಕೆಯಲ್ಲಿ, ಹೆಂಡತಿ ಎದುರಿನ ಸಾಲಿನಲ್ಲೇ ಕೂತಿರುವಾಗ, ನನ್ನ ಪಿಟೀಲು ತಂಬೂರಿಗೆ ಸೇರುವುದೇ ಇಲ್ಲ! ಪೂವಪ್ಪ ಬಗ್ಗಿ, "ಎಂತ ಮಾರಾಯ್ರೆ, ಶ್ರುತಿ ಅರ್ಧ ಮನೆ ಮೇಲುಂಟು" ಎಂದ; ಮನೆಯೆಂದರೆ ಶ್ರುತಿಯ ಒಂದು ಮೆಟ್ಟಿಲು. ಕಿವಿಯಲ್ಲಿ ಇನ್ನೂ ವಿಮಾನದ ಎಂಜಿನ್ನೇ ಗುಂಯ್‌ಗುಡುತ್ತಿತ್ತು, ಆ ಸದ್ದಿಗೇ ಶ್ರುತಿ ಮಾಡಿಬಿಟ್ಟಿದ್ದೆ. ತಂತಿ ಇಳಿಸಿದೆ. ಆಮೇಲೆ ಕಚೇರಿ ಚೆನ್ನಾಗಿಯೇ ಆಯಿತು.

ಈಗ ಬಚ್ಚಲುಮನೆಯಲ್ಲಿ ಕದ್ದು ಪ್ರಿಂಟ್ ಹಾಕಿದೆ. ಫೋಟೋ ತೊಳೆಯುವ ಮದ್ದಿನ ತಟ್ಟೆಯಲ್ಲಿ ಮೆಲ್ಲನೆ ನಮ್ಮ ಅಂಗಳ ಮೂಡಿತು, ಒಣಹಾಕಿದ ಹಲಸಿನ ಹಪ್ಪಳ ಮೂಡಿತು, ಕಾಗೆ ಓಡಿಸುವ ಕೋಲನ್ನು ವಿಮಾನದತ್ತ ಎತ್ತಿ ನಿಂತ ಹೆಂಡತಿ ಬಾಗಿಯೂ ಮೂಡಿದಳು. ನಗು ತಡೆಯಲಾಗಲಿಲ್ಲ.

ನಗು ಕೇಳಿ ಅವಳೇ ಬಂದಳು. ನಾನು ತಟ್ಟೆ ಮುಚ್ಚಿದೆ.

"ಮುಚ್ಚುವುದೆಂತಕ್ಕೆ? ನಿಮ್ಮ ಪಿಟೀಲು ಅರ್ಧ ಮನೆ ಮೇಲೆ ಹೋದಾಗಲೇ ಗೊತ್ತಾಯ್ತು, ಮಧ್ಯಾಹ್ನ ಮೇಲೆ ಇದ್ದದ್ದು ಯಾರು ಅಂತ."

ಬೈಗುಳಕ್ಕೆ ಕಾದು ತಲೆ ತಗ್ಗಿಸಿ ನಿಂತೆ. ಅವಳು ಫೋಟೋವನ್ನೇ ನೋಡುತ್ತಿದ್ದಳು.

"ಇನ್ನೊಮ್ಮೆ ಹೋಗುವಾಗ ಹೇಳಿ ಹೋಗಿ. ಒಳ್ಳೆ ಸೀರೆ ಉಟ್ಟು ನಿಲ್ತೇನೆ."