ನಲ್ಲಿಕಟ್ಟೆ ಬೀದಿಯ ವಿಳಾಸ

ಹಳೇ ನಗರ, ಭದ್ರಾವತಿ
೧೨ ಜೂನ್ ೨೦೦೩, ಗುರುವಾರ

ಪ್ರೀತಿಯ ಮಗ ರಂಗಪ್ಪನಿಗೆ,

ನಿನ್ನ ಅಪ್ಪ ಹೊನ್ನಯ್ಯನ ಆಶೀರ್ವಾದ. ಹೇಗಿದ್ದೀಯ? ತೋರಣಗಲ್ಲಿನ ಬಿಸಿಲು ಇಳಿಯಿತೋ, ಇಲ್ಲ ಇನ್ನೂ ಕಬ್ಬಿಣದ ಜೊತೆ ನಿನ್ನನ್ನೂ ಕಾಯಿಸುತ್ತಿದೆಯೋ? ಹೋದ ಸಲ ಬಂದಾಗ ನಿನ್ನ ಕಣ್ಣು ಕೆಂಪಗಿತ್ತು. ವೆಲ್ಡಿಂಗ್ ನಡೆಯುವ ಕಡೆ ಸುಮ್ಮನೆ ನಿಂತು ನೋಡಬೇಡ. ಮಲಗುವಾಗ ನೆತ್ತಿಗೆ ಹರಳೆಣ್ಣೆ ಇಟ್ಟುಕೋ. ನಿನ್ನಮ್ಮ ವಸಂತಮ್ಮನ ಜ್ವರ ಪೂರ್ತಿ ಬಿಟ್ಟಿದೆ. ನಿನ್ನೆ ನನ್ನ ಸಾರಿಗೆ ಉಪ್ಪು ಜಾಸ್ತಿಯಾಯಿತೆಂದು ಬೈದಳು, ಹಾಗಾಗಿ ಗುಣವಾಗಿದ್ದಾಳೆ ಎಂದುಕೊಂಡಿದ್ದೇನೆ. ನನ್ನ ಮಂಡಿ ಮಾತ್ರ ಮೋಡ ಕಂಡರೆ ಸಾಕು ಮಾತಾಡಲು ಶುರುಮಾಡುತ್ತದೆ.

ಇನ್ನು ಕಥೆ. ಇದನ್ನು ಮೊದಲು ಹೇಳಿದವಳು ಎದುರು ಮನೆ ಕಾಶಮ್ಮ, ಹೋದ ಗುರುವಾರ ಸಂಜೆ, ನಲ್ಲಿಕಟ್ಟೆಯ ಮೇಲೆ ಕಾಲು ಇಳಿಬಿಟ್ಟು ಕೂತು. ನೀರು ಬರುವುದಕ್ಕೆ ಇನ್ನೂ ಅರ್ಧ ಗಂಟೆಯಿತ್ತು, ಕೊಡಗಳೆಲ್ಲ ಸಾಲಾಗಿ ಕೂತಿದ್ದವು. ಹಳ್ಳಿಯಲ್ಲಿ ನನ್ನ ಅಜ್ಜಿ ಕಥೆ ಹೇಳುವಾಗ ಹೂಂಗುಟ್ಟುವವರು ಇಲ್ಲದಿದ್ದರೆ ಅರ್ಧಕ್ಕೇ ಬಾಯಿ ಮುಚ್ಚುತ್ತಿದ್ದಳು. ಕಾಶಮ್ಮನಿಗೆ ಆ ಚಿಂತೆ ಇರಲಿಲ್ಲ. ನಮ್ಮ ಬೀದಿಯಲ್ಲವೆ, ನಾಲ್ಕು ಭಾಷೆಯಲ್ಲಿ ಹೂಂಗುಟ್ಟಿದರು. ನೀನೂ ಅಲ್ಲಿಂದಲೇ ಹೂಂ ಅನ್ನು.

ನಿನ್ನ ಮಗಳು ಭೂಮಿಕಾ ನರ್ಸಿಂಗ್ ತರಬೇತಿಗೆ ಅರ್ಜಿ ಹಾಕಿದ್ದು ನಿನಗೆ ಗೊತ್ತು. ಶಿವಮೊಗ್ಗದ ಆ ಆಸ್ಪತ್ರೆಯವರು ಮೂರು ವರ್ಷ ಕಲಿಸಿ, ಆಮೇಲೆ ಅಲ್ಲಿಯೇ ಕೆಲಸವನ್ನೂ ಕೊಡುತ್ತಾರೆ. ಇರುವುದು ಇಪ್ಪತ್ತೇ ಸೀಟು. ಪಿಯುಸಿ ಮುಗಿದಾಗಿನಿಂದ ಹುಡುಗಿ ಅದೊಂದನ್ನೇ ಜಪ ಮಾಡುತ್ತಿದ್ದಳು. ಅರ್ಜಿ ತುಂಬುವ ದಿನ ನೀನು ಫೋನಿನಲ್ಲಿ ಹೇಳಿದೆ: "ವಿಳಾಸಕ್ಕೆ ಶಿವಮೊಗ್ಗದ ದುರ್ಗಿಗುಡಿ ನಿಮ್ಮತ್ತೆ ಮನೇದು ಹಾಕು. ನಮ್ಮ ಬೀದಿ ಹೆಸರು ನೋಡಿದ್ರೆ ಅರ್ಜೀನ ಪಕ್ಕಕ್ಕೆ ಎತ್ತಿಡ್ತಾರೆ." ಅವಳು ಹಾಗೆಯೇ ಬರೆದಳು. ನಿನ್ನನ್ನು ನಾನು ತಪ್ಪು ಅನ್ನಲಾರೆ. ಎಂಟನೇ ಕ್ಲಾಸಿನಲ್ಲಿ ಮೇಷ್ಟ್ರು ಎಲ್ಲಿಂದ ಬರ್ತೀಯೋ ಎಂದು ಕೇಳಿ, ನೀನು ಹೇಳಿದ ಮೇಲೆ ಹಿಂದಿನ ಬೆಂಚಿಗೆ ಕಳಿಸಿದ್ದರು. ಆ ದಿನ ನೀನು ತಟ್ಟೆಯ ಮುಂದೆ ಕೂತು ಊಟ ಮಾಡದೆ ಎದ್ದದ್ದು ನನಗಿನ್ನೂ ನೆನಪಿದೆ.

ಆದರೆ ಆದದ್ದು ನೋಡು. ಇಂಟರ್‌ವ್ಯೂ ಕಾಗದ ದುರ್ಗಿಗುಡಿಗೆ ಹೋಯಿತು. ನಿನ್ನ ತಂಗಿ ಜಯಶೀಲಾ ಮನೆಗೆ ಬೀಗ ಹಾಕಿ ಗಂಡನ ಕಡೆಯ ಮದುವೆಗೆ ಹೋಗಿದ್ದಳು. ಕಾಗದ ಬಾಗಿಲ ಸಂದಿಯಲ್ಲಿ ಎಂಟು ದಿನ ಮಲಗಿತು. ನಮ್ಮ ಬೀದಿಗೇ ಬಂದಿದ್ದರೆ ಪೋಸ್ಟ್‌ಮ್ಯಾನ್ ಗಣಪಯ್ಯ ನಲ್ಲಿಕಟ್ಟೆಯಲ್ಲಿ ನಿಂತು ಒಂದು ಕೂಗು ಹಾಕುತ್ತಿದ್ದ, ಹತ್ತು ಜನ ಓದಿ ಆಮೇಲೆ ನಮಗೆ ಕೊಡುತ್ತಿದ್ದರು. ಬುಧವಾರ ಸಂಜೆ ಜಯಶೀಲಾ ವಾಪಸ್ ಬಂದು ನೋಡಿ, ನಮ್ಮ ಮೂಲೆ ಅಂಗಡಿಗೆ ಫೋನ್ ಮಾಡಿ, "ನಾಳೆ ಹತ್ತು ಗಂಟೆಗೇ ಕಣ್ರೋ!" ಎಂದು ಅತ್ತುಬಿಟ್ಟಳಂತೆ. ವಸಂತಮ್ಮ ಜ್ವರದಲ್ಲಿ, ನಾನು ಈ ಮಂಡಿಯಲ್ಲಿ. ಕಾಶಮ್ಮ, "ನಾನಿಲ್ವಾ? ಶಿವಮೊಗ್ಗ ಏನು ಕಾಶಿಯಾ?" ಎಂದು ಹೊಸ ಸೀರೆ ಉಟ್ಟು, ಭೂಮಿಕಾಳನ್ನು ಕರೆದುಕೊಂಡು ಬೆಳಗಿನ ಬಸ್ಸಿಗೇ ಹೊರಟಳು. ದುರ್ಗಿಗುಡಿಯಲ್ಲಿ ಇಳಿದು, ಕಾಗದ ತೆಗೆದುಕೊಂಡು, ಇಬ್ಬರೂ ಆಸ್ಪತ್ರೆ ಮುಟ್ಟಿದರು.

ಒಳಗೆ ಮೂವರು ಕೂತಿದ್ದರು. ನಡುವೆ ದೊಡ್ಡ ಸಿಸ್ಟರ್, ತಲೆ ನರೆತ ಹೆಂಗಸು. ಕಾಶಮ್ಮ ಬಾಗಿಲ ಪರದೆಗೆ ಕಿವಿ ಕೊಟ್ಟು ನಿಂತಳು. ಅದನ್ನು ಅವಳೇ ಹೆಮ್ಮೆಯಿಂದ ಹೇಳಿದಳು. ದೊಡ್ಡ ಸಿಸ್ಟರ್ ಅರ್ಜಿ ನೋಡಿ ನಕ್ಕರಂತೆ. "ದುರ್ಗಿಗುಡೀನಾ? ನಮ್ಮ ಮನೇನೂ ಅಲ್ಲೇ. ಎಷ್ಟನೇ ಕ್ರಾಸಮ್ಮಾ? ಹಾಲು ಯಾರ ಹತ್ರ ತಗೋತೀರ?"

ಭೂಮಿಕಾ ಹಾಲಿನವನ ಹೆಸರಿಗೆ ಎಲ್ಲಿ ಹೋಗಬೇಕು? "ಗೊತ್ತಿಲ್ಲ ಮೇಡಂ. ಅದು ನಮ್ಮತ್ತೆ ಮನೆ. ನಾನು ಭದ್ರಾವತಿ ನಲ್ಲಿಕಟ್ಟೆ ಬೀದಿಯವಳು" ಎಂದಳು. "ಮತ್ತೆ ಸುಳ್ಳು ಯಾಕೆ ಬರೆದೆ?" "ನಮ್ಮ ಬೀದಿ ಹೆಸರು ನೋಡಿದ್ರೆ ನೀವು ಕರೆಯಲ್ಲ ಅಂದ್ಕೊಂಡೆ." ಅಂದ್ಕೊಂಡೆ ಎಂದಳು ರಂಗಪ್ಪಾ, ಅಪ್ಪ ಹೇಳಿದರು ಎನ್ನಲಿಲ್ಲ.

ಹೊರಗೆ ನಿಂತ ಕಾಶಮ್ಮ, ಮುಗೀತು ಕಥೆ, ಬಸ್‌ಚಾರ್ಜು ದಂಡ ಎಂದುಕೊಂಡಳಂತೆ. ಒಳಗೆ ಸಿಸ್ಟರ್ ಪೆನ್ನು ಕೆಳಗಿಟ್ಟು, "ಆ ಬೀದೀಲಿ ನೀನು ಏನ್ ಮಾಡ್ತೀಯ?" ಎಂದರು. "ನಲ್ಲಿ ಸರದಿ ನೋಡ್ಕೋತೀನಿ ಮೇಡಂ." ಹತ್ತು ವರ್ಷದವಳಿದ್ದಾಗಿನಿಂದ ಅವಳೇ ಅಲ್ಲವೆ? ಒಬ್ಬರ ಬೈಗುಳ ಇನ್ನೊಬ್ಬರಿಗೆ ಅರ್ಥವಾಗದೆ ಜಗಳ ಬೆಳೆಯುವ ಜಾಗ ಅದು. ತಮಿಳಿನ ಸೆಲ್ವಿಗೂ ಉರ್ದುವಿನ ಮುನೀರಾಬಿಗೂ ತೆಲುಗಿನವರಿಗೂ ಅವರವರ ಮಾತಿನಲ್ಲೇ ಸಮಾಧಾನ ಹೇಳುವವಳು ಇವಳೊಬ್ಬಳೇ. ಕೊಡ ಸಾಲಿನಲ್ಲಿ ಇಟ್ಟವರು ನೆರಳಿಗೆ ಹೋಗಿ ಕೂರಬಹುದು. ಬಾಣಂತಿ ಇರುವ ಮನೆ, ಕಾಯಿಲೆ ಇರುವ ಮನೆಯವರು ಕೊಡದ ಬಾಯಿಗೆ ಬೇವಿನ ಎಸಳು ಸಿಕ್ಕಿಸಿದರೆ ಆ ಕೊಡ ಮುಂದಕ್ಕೆ. ಇದನ್ನೆಲ್ಲ ಅವಳು ವಿವರಿಸುತ್ತಿದ್ದಾಗಲೇ ಹೊರಗೆ ಚೀಟಿ ಕೊಡುವ ಕಿಟಕಿಯ ಹತ್ತಿರ ನೂಕಾಟ, ಕೂಗಾಟ. ದೊಡ್ಡ ಸಿಸ್ಟರ್ ಎದ್ದರು. "ದಿನಾ ಇದೇ ಗೋಳು. ಬಾ, ಇದನ್ನ ಬಿಡಿಸು ನೋಡೋಣ."

ಜಗಲಿಯಲ್ಲಿ ಐವತ್ತು ಜನ. ಕೊಡ ಎಲ್ಲಿಂದ ತರುವುದು? ನಿನ್ನ ಮಗಳು ತನ್ನ ಎಡಗಾಲಿನ ಚಪ್ಪಲಿ ಬಿಚ್ಚಿ ಕಿಟಕಿಯ ಕೆಳಗಿಟ್ಟು, "ಎಲ್ರೂ ಒಂದೊಂದು ಚಪ್ಪಲಿ ಸಾಲಿಗೆ ಬಿಟ್ಟು ಕೂತ್ಕಳಿ, ಸರದಿ ಎಲ್ಲೂ ಹೋಗಲ್ಲ" ಎಂದಳು. "ಉಟ್ಕಾರುಂಗ ಪಾಟಿ" ಎಂದು ಒಬ್ಬ ಅಜ್ಜಿಯನ್ನು ಕೂರಿಸಿದಳು, "ಬೈಠೋ ನಾನಿ" ಎಂದು ಇನ್ನೊಬ್ಬಳನ್ನು. ಬೇವಿನ ಎಸಳಿಗೂ ಒಂದು ದಾರಿ ಸಿಕ್ಕಿತು. ದುರ್ಗಿಗುಡಿ ವಿಳಾಸದ ಆ ಲಕೋಟೆಯನ್ನು ಚೂರು ಚೂರು ಹರಿದು, ಉಬ್ಬಸದ ಮುದುಕನ ಚಪ್ಪಲಿಗೆ ಒಂದು ಚೂರು, ತುಂಬಿದ ಬಸುರಿಯ ಚಪ್ಪಲಿಗೆ ಒಂದು ಚೂರು ಇಟ್ಟು ಮುಂದಕ್ಕೆ ಸರಿಸಿದಳು. ಒಬ್ಬರೂ ತಕರಾರು ತೆಗೆಯಲಿಲ್ಲ. ಆಮೇಲೆ ದೊಡ್ಡ ಡಾಕ್ಟರೇ ಬಂದು ಒಂದು ಚಪ್ಪಲಿ ಬಿಟ್ಟು ಕೂತರು ಎಂದು ಕಾಶಮ್ಮ ಹೇಳಿದಳು. ಅದನ್ನು ನಾನು ನಂಬಿಲ್ಲ.

ದೊಡ್ಡ ಸಿಸ್ಟರ್ ಸೀಟು ಕೊಡುತ್ತೇನೆ ಎನ್ನಲಿಲ್ಲ, ಇಲ್ಲ ಎಂದೂ ಅನ್ನಲಿಲ್ಲ. "ತೀರ್ಮಾನ ಪೋಸ್ಟಿನಲ್ಲಿ ಬರುತ್ತೆ. ಈಗಲಾದ್ರೂ ನಿಜವಾದ ವಿಳಾಸ ಬರೆದುಕೊಟ್ಟು ಹೋಗು" ಎಂದರು. ಕಾಶಮ್ಮ ಕಥೆ ಅಲ್ಲಿಗೆ ನಿಲ್ಲಿಸಿದಳು. ನೀರು ಬಂದಿತ್ತು, ಆದರೆ ಸ್ವಲ್ಪ ಹೊತ್ತು ಯಾರೂ ಕೊಡ ಹಿಡಿಯಲಿಲ್ಲ.

ಮಾರನೆಯ ಬೆಳಗ್ಗೆ ನಾನು ಹಲ್ಲುಜ್ಜುತ್ತಾ ಹೊರಗೆ ಬಂದರೆ ಬೀದಿಯೆಲ್ಲ ನೀಲಿ ಬಣ್ಣದ ವಾಸನೆ. ಕಥೆ ಕೇಳಿದವರೆಲ್ಲ ಅಲ್ಲಿದ್ದರು. ಸೆಲ್ವಿಯ ಗಂಡ ಪೇಂಟರ್ ಅಲ್ಲವೆ, ಮಿಕ್ಕಿದ ಡಬ್ಬ ತಂದು ನಲ್ಲಿಕಟ್ಟೆಯ ಗೋಡೆಗೆ 'ನಲ್ಲಿಕಟ್ಟೆ ಬೀದಿ' ಎಂದು ದೊಡ್ಡದಾಗಿ ಬರೆದ. ಬಾಗಿಲಿಗೆ ನಂಬರ್ ಹಾಕುವಾಗ ಒಂದನೇ ನಂಬರ್ ಯಾರ ಮನೆಗೆ ಎಂದು ಜಗಳ ಹತ್ತಿತು. ಕೊನೆಗೆ ಆ ದಿನ ಕೊಡ ಇಟ್ಟ ಸಾಲಿನ ಪ್ರಕಾರವೇ ಹಾಕಿದರು. ಹಾಗಾಗಿ ನಮ್ಮದು ಮೂರು, ಪಕ್ಕದ್ದು ಹನ್ನೊಂದು, ಅದರ ಪಕ್ಕದ್ದು ಆರು.

ನಾನು ಹೊಟ್ಟೆಪಾಡಿಗೆಂದು ನಿನ್ನನ್ನು ಹೆಗಲ ಮೇಲೆ ಕೂರಿಸಿಕೊಂಡು ಈ ಬೀದಿಗೆ ಬಂದವನು. ಇಷ್ಟು ವರ್ಷದಲ್ಲಿ ನಮಗೆ ಒಂದು ನಂಬರ್ ಬಂತು. ಹೊತ್ತಿಗೆ ಸರಿಯಾಗಿ ಉಣ್ಣು. ನಿನ್ನ ಕಣ್ಣು, ಕೈಕಾಲು ತಣ್ಣಗಿರಲಿ.

ಇಂತಿ ನಿನ್ನ ಅಪ್ಪ,
ಹೊನ್ನಯ್ಯ
ಮನೆ ನಂಬರ್ ೩

ಮರೆತ ಮಾತು: ಕವರಿಗೆ ಅಂಟು ಹಚ್ಚುತ್ತಿದ್ದೆ, ಗಣಪಯ್ಯ ಬಂದ. "ಹನ್ನೊಂದರ ಪಕ್ಕ ಮೂರು, ಇದೆಂಥ ನಂಬರ್ ಮಾರಾಯ್ರೇ!" ಎಂದು ಬೈಯುತ್ತಲೇ ಕಾಗದ ಕೊಟ್ಟ. ಭೂಮಿಕಾಳಿಗೆ ಸೀಟು ಸಿಕ್ಕಿದೆ. ಜುಲೈ ಒಂದರಿಂದ ಪಾಠ. ಫಾರಂ ಇದರೊಳಗೇ ಇಟ್ಟಿದ್ದೇನೆ. ತಂದೆಯ ಸಹಿ ಬೇಕು. ಉಳಿದದ್ದನ್ನೆಲ್ಲ ಅವಳು ತುಂಬಿದ್ದಾಳೆ, ವಿಳಾಸದ ಜಾಗ ಮಾತ್ರ ಖಾಲಿ ಬಿಟ್ಟಿದ್ದಾಳೆ. ಅದನ್ನು ಅಪ್ಪನೇ ಬರೆಯಲಿ ಎನ್ನುತ್ತಾಳೆ. ಬೇಗ ಬರೆದು ಕಳಿಸು.