ಒಂದು ಅಲೆಗೆ ಹತ್ತು ಮನೆ

ವಿಮಾನಪುರ, ಬೆಂಗಳೂರು
೧೧-೮-೧೯೭೪

ಪ್ರೀತಿಯ ಗುರಣ್ಣನಿಗೆ ರಮಾಮಣಿಯ ನಮಸ್ಕಾರಗಳು.

ನಿನ್ನ ಕೆಮ್ಮು ಹೇಗಿದೆ? ಅಸ್ಸಾಮಿನ ಮಳೆಗೆ ಮಫ್ಲರ್ ಕಟ್ಟಿಕೊಳ್ಳಲು ಬರೆ ಎಂದು ಅಮ್ಮ ಬೆಳಗಿನಿಂದ ಜಪ ಮಾಡುತ್ತಿದ್ದಾಳೆ, ಬರೆದಿದ್ದೇನೆ, ಕಟ್ಟಿಕೋ. ಅವಳ ಮಂಡಿನೋವು ಹಾಗೇ ಇದೆ. ಆದರೂ ನಿನ್ನೆ ಬಸ್ಸಿನಲ್ಲಿ ನಿಂತುಕೊಂಡೇ ಹಲಸೂರಿಗೆ ಹೋಗಿ ತರಕಾರಿ ತಂದಳು. ಹೇಳಿದರೆ ಕೇಳುವ ಹೆಂಗಸಲ್ಲ.

ನನಗೆ ಮಾತ್ರ ಆಫೀಸಿನಲ್ಲಿ ತಲೆ ಕೆಟ್ಟುಹೋಗಿದೆ. ನಿಮ್ಮ ವಾಯುಪಡೆಯ ವಿಮಾನಗಳ ಮೇಲಿರುವ ಉದ್ದನೆಯ ತಂತಿ ಏರಿಯಲ್ ಬಿಚ್ಚಿ, ಬಾಲದಲ್ಲೇ ಹೊಸದನ್ನು ಕೂರಿಸುತ್ತಾರಂತೆ. ಅದು ರೇಡಿಯೋ ಅಲೆಯನ್ನು ಸರಿಯಾಗಿ ಕಳಿಸುತ್ತದೋ ಇಲ್ಲವೋ ಎಂದು ಕಂಪ್ಯೂಟರಿನಲ್ಲಿ ಲೆಕ್ಕ ಹಾಕುವುದು ನಮ್ಮ ಕೆಲಸ. ವಿಮಾನವನ್ನೂ ಸುತ್ತಲಿನ ಗಾಳಿಯನ್ನೂ ಚೌಕಾಬಾರದ ಹಾಗೆ ಮನೆಗಳಾಗಿ ಕೊರೆದು, ಒಂದೊಂದು ಮನೆಯಲ್ಲೂ ಅಲೆಯ ಬಲ ಎಷ್ಟೆಂದು ನೋಡಬೇಕು. ಒಂದು ಅಲೆಗೆ ಹತ್ತು ಮನೆ ಇದ್ದರೆ ಸಾಕು ಎಂಬುದು ನಮ್ಮ ಸಾಹೇಬರು ವೆಂಕಟಾಚಲಯ್ಯನವರ ವಾಡಿಕೆ. ರೇಡಾರಿನ ಗೇಣುದ್ದದ ಅಲೆಗೆ ಅದು ಸರಿಯೇ. ಆದರೆ ನೀನು ವಿಮಾನದ ರೇಡಿಯೋದಲ್ಲಿ ಗುಡ್ಡಗಳಾಚೆಗೆ ಮಾತಾಡುವ ಅಲೆ ಅರವತ್ತು ಮೀಟರ್ ಉದ್ದ! ಹತ್ತು ಭಾಗ ಮಾಡಿದರೆ ಒಂದು ಮನೆಯೇ ಆರು ಮೀಟರ್. ಬಾಲ, ಏರಿಯಲ್, ಅವೆರಡರ ನಡುವಿನ ಬೆರಳಗಲದ ಸಂದು, ಎಲ್ಲವೂ ಆ ಒಂದೇ ಮನೆಯಲ್ಲಿ ಮುಳುಗಿಹೋಗುತ್ತವೆ. ಏರಿಯಲ್ ಇದೆಯೆಂದೇ ಲೆಕ್ಕಕ್ಕೆ ಗೊತ್ತಾಗುವುದಿಲ್ಲ.

"ಸಾರ್, ಇಲ್ಲಿ ಅಲೆ ನೋಡಿ ಮನೆ ಹಾಕೋದಲ್ಲ, ಏರಿಯಲ್ ನೋಡಿ ಹಾಕ್ಬೇಕು. ಅದರ ಹತ್ರ ಆದ್ರೂ ಸಣ್ಣದು ಮಾಡೋಣ" ಎಂದೆ. "ಅಲೆ ಉದ್ದ ಆದ್ಮೇಲೆ ಮನೆ ದೊಡ್ಡದಾಗ್ಲೇಬೇಕಲ್ಲಮ್ಮಾ. ಸಣ್ಣದು ಮಾಡಿದ್ರೆ ಕಂಪ್ಯೂಟರ್ ವಾರಗಟ್ಟಲೆ ಓಡ್ಬೇಕು, ನಮಗ್ಯಾರು ಕೊಡ್ತಾರೆ ಅಷ್ಟು ಟೈಮು?" ಎಂದು ನಕ್ಕರು. ಟೈಮ್ ಸಿಗುವುದು ಕಷ್ಟವೇ, ಒಪ್ಪುತ್ತೇನೆ. ಅದಕ್ಕೆಂದು ಏರಿಯಲ್ಲೇ ಇಲ್ಲದ ವಿಮಾನಕ್ಕೆ ಲೆಕ್ಕ ಹಾಕುವುದೇ? ಮೇಲಿನವರಿಗೆ ಬರೆಯುತ್ತೇನೆ ಎಂದರೆ, "ಪ್ರೊಬೇಷನ್ ಮುಗೀಲಿ ತಾಯಿ, ಆಮೇಲೆ ಬರೀವ್ರಂತೆ" ಎಂದರು. ಕೊನೆಗೆ ಆ ಆರು ಮೀಟರಿನ ಮನೆಗಳಲ್ಲೇ ಲೆಕ್ಕ ಮುಗಿಸಿದರು. ಗ್ರಾಫಿನ ಗೆರೆ ನುಣ್ಣಗೆ ಬಂದಿದೆ ನೋಡು, ಎಲ್ಲರೂ ಭೇಷ್ ಎಂದು ಕಾಫಿ ಕುಡಿದರು. ನನಗೆ ಅಳು ಬರುವಷ್ಟು ಸಿಟ್ಟು ಬಂತು. ಇನ್ನೂ ಇಳಿದಿಲ್ಲ.

ಚಟ್ನಿಪುಡಿ ಪಾರ್ಸೆಲ್ ಬರುತ್ತದೆ, ಎಲ್ಲರಿಗೂ ಹಂಚಿ ಮುಗಿಸಬೇಡ. ಅಮ್ಮನ ಆಶೀರ್ವಾದ ನಿನ್ನ ಮೇಲಿದೆ.

ನಿನ್ನ ತಂಗಿ,
ರಮಾಮಣಿ

ತಾ.ಕ.: ಪತ್ರ ಮಡಿಸುವಷ್ಟರಲ್ಲಿ ಪಕ್ಕದ ಮನೆಯ ಹಯಗ್ರೀವ ನಮ್ಮ ವಿಮಾನ ಕಾರ್ಖಾನೆಯಿಂದ ಸುದ್ದಿ ತಂದ. ಹೊಸ ಏರಿಯಲ್ಲಿನ ಮೊದಲ ವಿಮಾನ ನಿಮ್ಮಲ್ಲಿಗೇ ಬರುತ್ತದಂತೆ, ರೇಡಿಯೋಗೆ ಕೂರುವವನು ನೀನೇ ಅಂತೆ. ಮೋಡ ಕವಿದ ಗುಡ್ಡಗಳ ನಡುವೆ ರೇಡಿಯೋ ಕೈಕೊಟ್ಟರೆ ನಿಮಗೆ ದಾರಿ ಹೇಳುವವರು ಯಾರು? ಅಣ್ಣಾ, ಹಳೆಯ ತಂತಿಯನ್ನು ಮತ್ತೆ ಕಟ್ಟಿಸು. ಕಟ್ಟುವವರೆಗೆ ಹತ್ತಬೇಡ. ಯಾರು ಹೇಳಿದ್ದೆಂದು ಕೇಳಿದರೆ ನನ್ನ ಹೆಸರೇ ಹೇಳು. ಕೆಲಸ ಹೋಯಿತೆಂದು ಅಮ್ಮನಿಗೆ ಹೇಗೋ ಹೇಳಿಯೇನು. ಇನ್ನೊಂದನ್ನು ಹೇಳಲು ನನ್ನಿಂದಾಗದು.